ಕಂಬಳಿ ವೀರನೂ ತೊಟ್ಟಿಲ ಮಾತೂ

ವಾರಪತ್ರಿಕೆಯ ಕೊನೆಯ ಪುಟಗಳಲ್ಲಿ ಅವನು ಬರುತ್ತಿದ್ದ. ಒಂದೇ ಕೈಯಲ್ಲಿ ಲಾರಿ ಎತ್ತುತ್ತಿದ್ದ, ಗಾಳಿಯಲ್ಲಿ ಹಾರುತ್ತಿದ್ದ, ಹೆಗಲಿಗೆ ಕಟ್ಟಿದ ಕರಿಯ ಬಟ್ಟೆ ಬೆನ್ನ ಹಿಂದೆ ಪಟಪಟಿಸುತ್ತಿತ್ತು. ಪತ್ರಿಕೆಯವರು ಆ ಚಿತ್ರಕಥೆಯ ನಾಯಕನಿಗೆ ಉದ್ದದ ಸಂಸ್ಕೃತದ ಹೆಸರಿಟ್ಟಿದ್ದರು. ಬಸವನ ಬಾಗೇವಾಡಿಯಲ್ಲಿ ಅದು ಯಾರ ನಾಲಿಗೆಗೂ ಹತ್ತಲಿಲ್ಲ. ಕುರಿ ಕಾಯುವವರ ಹೆಗಲ ಮೇಲೆ ಕರಿ ಕಂಬಳಿ ನೋಡಿ ಬೆಳೆದವರು ನಾವು. ಮೊದಲ ವಾರವೇ ಅವನು ಕಂಬಳಿ ವೀರನಾಗಿಬಿಟ್ಟ. ಕುರಿ ಎಲ್ಲಿ ಬಿಟ್ಟು ಬಂದಿದ್ದಾನೆ ಎಂದು ಕೇಳಿ ನಕ್ಕವರೇ ಎರಡನೆಯ ವಾರದಿಂದ ಅವನಿಗಾಗಿ ಪತ್ರಿಕೆ ತರುವ ಬಸ್ಸು ಕಾಯತೊಡಗಿದರು.

ಈಗ ಟಿ.ವಿ.ಯಲ್ಲಿ ಇಂಥ ವೀರರ ಧಾರಾವಾಹಿ ನೋಡಿ, ಕಾಲದಲ್ಲಿ ಹಿಂದಕ್ಕೆ ಹೋಗಿ ಒಂದು ಕಲ್ಲು ಸರಿಸಿದರೆ ಮುಂದೆ ಏನೇನು ಬದಲಾಗುತ್ತದೆ ಎಂದು ಹುಡುಗರು ಗಂಟಲು ಹರಿದುಕೊಳ್ಳುವುದನ್ನು ಕೇಳುತ್ತೇನೆ. ಲೋಕದಲ್ಲಿ ಈ ಪ್ರಶ್ನೆ ಕೇಳಿದವರು ತಾವೇ ಮೊದಲು ಎಂಬ ಹಮ್ಮು ಅವರಿಗೆ. ಇರಲಿ ಬಿಡಿ. ಎಪ್ಪತ್ತರ ದಶಕದ ನಡುವಿನಲ್ಲಿ ನಮ್ಮಪ್ಪನ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಇದೇ ಪ್ರಶ್ನೆಗೆ ಎಷ್ಟು ಚಹಾ ಖರ್ಚಾಯಿತು ಎಂಬುದು ನನಗೆ ಗೊತ್ತು. ಚಹಾ ಕುದಿಸಿದವಳು ನಾನೇ. ಆ ವಾದದಲ್ಲಿ ನನ್ನ ಬದುಕೂ ಸಿಕ್ಕಿಕೊಂಡಿತ್ತು ಎಂಬುದು ಮಾತ್ರ ಕಟ್ಟೆಯ ಮೇಲಿದ್ದವರಿಗೆ ಗೊತ್ತಿರಲಿಲ್ಲ.

ವಿಷಯ ಇಷ್ಟೇ. ನನ್ನನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ದಿನ ಅವ್ವನ ತಾಯಿ, ನಮ್ಮ ಆಯಿ, ಸಿಂದಗಿಯಿಂದ ಬಂದಿದ್ದಳು. ತನ್ನ ಕಿರಿಯ ಮಗನ ಕೈಯಿಂದ ತೊಟ್ಟಿಲಲ್ಲಿ ಒಂದು ಕೊಬ್ಬರಿ ಬಟ್ಟಲು ಇಡಿಸಿ, ಇಕಿ ನನ್ನ ಸೊಸಿ ಅಂದಳಂತೆ. ಅವ್ವ ಹೂಂ ಅಂದಳಂತೆ. ಅಲ್ಲಿಗೆ ನನ್ನ ಮದುವೆಯ ಮಾತುಕತೆ ಮುಗಿಯಿತು. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ನಮ್ಮ ಕಡೆ ಹೊಸದಲ್ಲ; ಹುಡುಗಿ ಪರರ ಮನೆಗೆ ಹೋಗುವುದಿಲ್ಲ ಎಂದು ಎಲ್ಲರಿಗೂ ನೆಮ್ಮದಿ. ಕೂಸು ಹುಟ್ಟುವ ಮೊದಲೇ ಕುಲಾವಿ ಎನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಕೂಸು ಹುಟ್ಟಿತ್ತು ಎಂಬುದೊಂದೇ ವ್ಯತ್ಯಾಸ.

ಮಾಮಾ ಕೆಟ್ಟವನಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು. ಅವನು ಕೆಟ್ಟವನಲ್ಲ. ನನಗಿಂತ ಆರು ವರ್ಷ ದೊಡ್ಡವನು, ಸಿಂದಗಿಯ ಒಂದು ಅಡತಿ ಅಂಗಡಿಯಲ್ಲಿ ಜೋಳ, ತೊಗರಿಯ ತೂಕ ನೋಡುತ್ತಿದ್ದ, ಯಂಕಂಚಿಯಲ್ಲಿದ್ದ ಹೊಲವನ್ನೂ ನೋಡಿಕೊಳ್ಳುತ್ತಿದ್ದ. ಬಂದಾಗಲೆಲ್ಲ ನನಗೆ ಓದಲು ಏನಾದರೂ ತರುತ್ತಿದ್ದ. ಕಂಬಳಿ ವೀರನ ಹುಚ್ಚು ಹಿಡಿಸಿದವನೂ ಅವನೇ. ಆದರೆ ನಾನು ಮೆಟ್ರಿಕ್ ಪಾಸಾಗಿದ್ದೆ, ಬಿಜಾಪುರದ ಕಾಲೇಜು ತಲೆ ಹೊಕ್ಕಿತ್ತು. ಕಾರಹುಣ್ಣಿಮೆ ಮುಗಿದ ಮೇಲೆ ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವುದು, ದೀಪಾವಳಿಯಾದ ಮೇಲೆ ಲಗ್ನ ಎಂದು ಮನೆಯಲ್ಲಿ ಗೊತ್ತುಮಾಡಿದ್ದರು. ಸಕ್ಕರೆ ಹಂಚಿದರೆ ಕಾಲೇಜು ಇಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೇ ಇರಲಿಲ್ಲ.

ಆ ಬೇಸಿಗೆಯಿಡೀ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ನೀರಿಗೆ ಹೋದರೆ ಕೊಡ ತುಂಬುವ ಮೊದಲೇ ಎತ್ತಿಕೊಂಡು ಬರುತ್ತಿದ್ದೆ. ಹಂಚಿನ ಮೇಲೆ ರೊಟ್ಟಿ ಬಿಟ್ಟು ಬಾಗಿಲಿಗೆ ಹೋಗುತ್ತಿದ್ದೆ, ಬಾಗಿಲಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಮತ್ತೆ ಒಲೆಗೆ. ಅಷ್ಟರಲ್ಲಿ ರೊಟ್ಟಿ ಕರಕಾಗಿರುತ್ತಿತ್ತು. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ ಎಂದು ಅವ್ವ ಬೈಯುತ್ತಿದ್ದಳು. ಎಲ್ಲಿಗೆ ಹೋಗಬೇಕು ಎಂಬುದು ಗೊತ್ತಿದ್ದೂ ಹೋಗಲಾಗದವಳು ಮನೆಯೊಳಗೇ ತಿರುಗಬೇಕು, ಇನ್ನೇನು ಮಾಡಬೇಕು?

ಅಷ್ಟರಲ್ಲಿ ಕಂಬಳಿ ವೀರನ ಕಥೆ ಒಂದು ವಿಚಿತ್ರ ತಿರುವಿಗೆ ಬಂತು. ಅವನು ಚಿಕ್ಕವನಿದ್ದಾಗ ಅವನ ಗರಡಿಗೆ ಬೆಂಕಿ ಬಿದ್ದಿತ್ತು. ಮುದುಕ ಗುರು ಅವನನ್ನು ಹೊರಗೆ ಎಸೆದು ತಾನು ಒಳಗೇ ಸುಟ್ಟುಹೋಗಿದ್ದ. ಸಾಯುವಾಗ ಗುರುವಿನ ಬಲವೆಲ್ಲ ಹುಡುಗನ ಮೈಗೆ ಬಂದು ಅವನು ವೀರನಾದ. ಈಗ ದೊಡ್ಡವನಾದ ಮೇಲೆ ಅವನಿಗೆ ಒಂದು ಗಾಲಿ ಸಿಕ್ಕಿತು. ಅದನ್ನು ಹಿಂದಕ್ಕೆ ತಿರುಗಿಸಿದರೆ ಕಾಲವೇ ಹಿಂದಕ್ಕೆ ಹೋಗುತ್ತದೆ. ಅವನು ಬೆಂಕಿ ಬಿದ್ದ ದಿನಕ್ಕೆ ಹೋಗಿ ಗುರುವನ್ನು ಉಳಿಸಲು ಹೊರಟ. ಗಾಲಿಯ ಮೇಲೆ ಕೈಯಿಟ್ಟ ಚಿತ್ರಕ್ಕೆ ಆ ವಾರದ ಕಥೆ ನಿಂತಿತು.

ಕಟ್ಟೆಯ ಮೇಲೆ ಜಗಳ ಶುರುವಾಯಿತು. ಅಂಗಡಿಯ ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದ ಸಿಂಪಿಗ ಪತ್ರಿಕೆಯನ್ನು ದೊಡ್ಡದಾಗಿ ಓದುವವನು, ಹಾಗಾಗಿ ಮೊದಲ ತೀರ್ಪು ಅವನದೇ. ಕತ್ತರಿಸಿದ ಅರಿವೆಯನ್ನು ಮತ್ತೆ ಕೂಡಿಸಬಹುದು, ಆದರೆ ಹೊಲಿಗೆ ಕಾಣುತ್ತದೆ. ಗುರು ಉಳಿದರೂ ಎಲ್ಲೋ ಒಂದು ಕಡೆ ಕಲೆ ಉಳಿಯುತ್ತದೆ ಎಂದ. ಇಂಗಳೇಶ್ವರದಿಂದ ಸೈಕಲ್ ಮೇಲೆ ಬರುತ್ತಿದ್ದ ಗಣಿತದ ಮಾಸ್ತರು ಇದಕ್ಕೆ ಒಪ್ಪಲಿಲ್ಲ. ನಮ್ಮ ಊರಿನ ನಿಲ್ದಾಣದಿಂದ ಒಂದು ಬಸ್ಸು ಮುದ್ದೇಬಿಹಾಳಕ್ಕೆ ಹೋಗುತ್ತದೆ, ಒಂದು ಸಿಂದಗಿಗೆ. ಒಂದು ದಾರಿಯಲ್ಲಿ ಗುರು ಸತ್ತಿದ್ದಾನೆ, ಇನ್ನೊಂದರಲ್ಲಿ ಬದುಕಿದ್ದಾನೆ. ಎರಡು ಬಸ್ಸೂ ಓಡುತ್ತಿರುತ್ತವೆ, ನಾವು ಕೂತದ್ದು ಮಾತ್ರ ನಮಗೆ ಗೊತ್ತು ಎಂದರು.

“ಹಂಗಾದ್ರ ಒಬ್ಬ ಮನಷ್ಯಾ ಎರಡೂ ಬಸ್ಸಿನ್ಯಾಗ ಕುಂತಂಗಾತಲ್ಲರಿ ಮಾಸ್ತರ,” ಎಂದ ಸಿಂಪಿಗ. “ತಿಕೀಟ ಯಾರ ತಗಸಬೇಕು?”

ಸಂತೆಯ ದಿನ ಬಂದ ಮಾಮಾನದು ಮೂರನೆಯ ವಾದ, ಎಲ್ಲಕ್ಕಿಂತ ಗಟ್ಟಿಯದು. ಗುರು ಸಾಯದಿದ್ದರೆ ಹುಡುಗನಿಗೆ ಬಲ ಬರುವುದಿಲ್ಲ. ಬಲ ಬರದಿದ್ದರೆ ಅವನು ವೀರನಾಗುವುದಿಲ್ಲ. ವೀರನೇ ಇಲ್ಲದಿದ್ದರೆ ಗಾಲಿ ತಿರುಗಿಸುವವರು ಯಾರು? ಆದ್ದರಿಂದ ಗುರು ಸತ್ತೇ ಸಾಯುತ್ತಾನೆ. ಆದದ್ದು ಆಯಿತು. ಇಷ್ಟು ಹೇಳಿ ಅವನು ನಿಶ್ಚಿಂತೆಯಿಂದ ಚಹಾ ಕುಡಿಯುತ್ತಿದ್ದ. ಆ ನಿಶ್ಚಿಂತೆ ಕಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಮನೆಯ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕೂಡುವಂತಿರಲಿಲ್ಲ. ಅಂಗಡಿಗೂ ಮನೆಗೂ ನಡುವೆ ಒಂದು ಬಾಗಿಲಿತ್ತು, ಅದರ ಹಿಂದೆ ನಿಂತು ನಾನು ಮಾತಾಡುತ್ತಿದ್ದೆ. ಗಂಡಸರು ಬಾಗಿಲೇ ಮಾತಾಡಿತು ಎಂಬಂತೆ ಅದರ ಕಡೆ ಮುಖ ಮಾಡದೆ ಉತ್ತರ ಕೊಡುತ್ತಿದ್ದರು. ಬಾಗಿಲು ಏನೋ ಅಂತು ಎಂದು ಸಿಂಪಿಗ ಹೇಳುತ್ತಿದ್ದ, ಬಾಗಿಲಿನ ಮಾತಿನಲ್ಲಿ ತರ್ಕವಿದೆ ಎಂದು ಮಾಸ್ತರು ಹೇಳುತ್ತಿದ್ದರು. ಬಾಗಿಲಿನ ವಾದ ಇದು: ಆದದ್ದು ಆಯಿತು ಎಂದು ಇಲ್ಲಿ ಕೂತ ನೀವು ಅನ್ನುತ್ತೀರಿ. ಅವನು ಅಲ್ಲಿಗೆ ಹೋಗಿ ನಿಂತಿದ್ದಾನೆ. ಅಲ್ಲಿ ನಿಂತವನಿಗೆ ಅದು ಇನ್ನೂ ಆಗಿಲ್ಲ. ಆಗದ್ದನ್ನು ತಡೆಯಲು ಏನು ಅಡ್ಡಿ?

ಅಪ್ಪ ಬಟ್ಟೆ ಅಳೆಯುತ್ತ ಸುಮ್ಮನೆ ಕೇಳುತ್ತಿದ್ದ. ಮಾಮಾ ಮಾತ್ರ ಬಾಗಿಲಿನ ಕಡೆ ತಿರುಗಿ ನಗುತ್ತಿದ್ದ, ಸೋತರೆ ಏನು ಕೊಡುತ್ತೀ ಎಂದು ಕೇಳುತ್ತಿದ್ದ.

ಇಲ್ಲಿ ಬಸ್ಸಿನ ವಿಷಯ ಹೇಳಬೇಕು. ಪತ್ರಿಕೆ ರೈಲಿನಲ್ಲಿ ಬರುತ್ತಿತ್ತು. ಇಂಡಿಯವರು ತಮ್ಮ ಸ್ಟೇಷನ್ನಿನಲ್ಲೇ ಇಳಿಸಿಕೊಳ್ಳುತ್ತಿದ್ದರು. ನಮಗೆ, ಸಿಂದಗಿಗೆ, ಮುದ್ದೇಬಿಹಾಳಕ್ಕೆ ಬಿಜಾಪುರದಿಂದ ಬಸ್ಸಿನ ಮೇಲೆ ಕಟ್ಟು ಬರಬೇಕು. ಬಸ್ಸು ಕೆಟ್ಟರೆ, ಹಳ್ಳ ಬಂದರೆ, ಕಟ್ಟು ಹಾಕುವವನು ಮರೆತರೆ ಒಂದೊಂದು ಊರಿಗೆ ಒಂದೊಂದು ದಿನ. ಹೀಗಾಗಿ ನಾಲ್ಕು ಊರಿನವರು ಯಾವತ್ತೂ ಒಂದೇ ಪುಟದಲ್ಲಿ ಇರುತ್ತಿರಲಿಲ್ಲ. ಇಂಡಿಯಲ್ಲಿ ಸತ್ತವನು ಮುದ್ದೇಬಿಹಾಳದಲ್ಲಿ ಇನ್ನೂ ಕುಸ್ತಿ ಆಡುತ್ತಿರುತ್ತಿದ್ದ. ಚಿಲ್ಲರೆಗಾಗಿ ಜಗಳ ತೆಗೆದವರಿಗೆ ಮುಂದಿನ ಕಥೆ ಹೇಳಿಬಿಡುತ್ತೇನೆ ಎಂದು ಒಬ್ಬ ಕಂಡಕ್ಟರ್ ಹೆದರಿಸುತ್ತಿದ್ದ, ಜನ ಚಿಲ್ಲರೆ ಬಿಟ್ಟು ಇಳಿಯುತ್ತಿದ್ದರು.

ಗಾಲಿಯ ಮೇಲೆ ಕೈಯಿಟ್ಟ ವಾರದ ಮುಂದಿನ ವಾರ ನಮಗೆ ಪತ್ರಿಕೆ ಬರಲಿಲ್ಲ. ಮೊದಲ ಮಳೆಗೆ ಬಸ್ಸು ಎಲ್ಲೋ ನಿಂತಿತ್ತು. ಆ ವಾರ ಪತ್ರಿಕೆ ಅಚ್ಚೇ ಆಗಿಲ್ಲವಂತೆ ಎಂದು ಯಾರೋ ಅಂದರು, ಎಲ್ಲರೂ ನಂಬಿದರು. ನಾನು ನಂಬಿದೆ, ಆದರೆ ಸಮಾಧಾನವಾಗಲಿಲ್ಲ. ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಕಿಟಕಿಗೆ ಓಡುತ್ತಿದ್ದೆ. ಸಕ್ಕರೆ ಹಂಚುವ ದಿನ ಹತ್ತಿರ ಬರುತ್ತಿತ್ತು. ಆಯಿಗೆ ಉಡಿಸಲು ಅವ್ವ ಸೀರೆ ಆರಿಸಿ ಇಟ್ಟಿದ್ದಳು. ಗುರು ಉಳಿದನೋ ಇಲ್ಲವೋ ಗೊತ್ತಾಗದೆ ಆ ದಿನ ಬರಬಾರದು ಎಂದು ನನಗೆ ಅನ್ನಿಸುತ್ತಿತ್ತು. ಇದು ಹುಚ್ಚು ಎಂದು ನನಗೂ ಗೊತ್ತಿತ್ತು.

ಸಕ್ಕರೆ ಹಂಚುವ ದಿನವೇ ಬೆಳಗಿನ ಬಸ್ಸಿಗೆ ಪತ್ರಿಕೆ ಬಂತು. ಪತ್ರಿಕೆಯ ಮೇಲಿನ ತಾರೀಖು ನೋಡುವ ರೂಢಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬಂದ ದಿನವೇ ಅದರ ತಾರೀಖು. ಸಿಂಪಿಗ ಸೂಜಿಯಿಂದ ದಾರ ತೆಗೆಯುವುದನ್ನೂ ಮರೆತು ಕೊನೆಯ ಪುಟ ತೆರೆದ. ಮೊದಲ ಚಿತ್ರದಲ್ಲಿ ಮುದುಕ ಗುರು ಗರಡಿಯ ಮುಂದೆ ಕೂತು ಹಾಲು ಕುಡಿಯುತ್ತಿದ್ದ! ಕಂಬಳಿ ವೀರ ಎದುರಿಗೆ ಕೂತಿದ್ದ. ಗುರು ಅವನ ತಲೆಯ ಮೇಲೆ ಕೈಯಿಟ್ಟಿದ್ದ. ಬೆಂಕಿಯ ಸುಳಿವೇ ಇರಲಿಲ್ಲ.

ಕಟ್ಟೆಯ ಮೇಲೆ ಕೂಗೆದ್ದಿತು. ನಾನು ಹೇಳಿರಲಿಲ್ಲವೇ ಎಂದು ಮಾಸ್ತರು, ಹೊಲಿಗೆ ಕಾಣುವುದು ಇನ್ನೂ ಮುಂದಿದೆ ಎಂದು ಸಿಂಪಿಗ. ಅವರಿಬ್ಬರೂ ಕೊನೆಗೆ ಒಪ್ಪಿದ್ದು ಒಂದನ್ನೇ, ಬಾಗಿಲು ಗೆದ್ದಿದೆ ಎಂಬುದನ್ನು. ಕಾಗದದ ಮೇಲಿನ ಒಬ್ಬ ಮುದುಕ ಬದುಕಿದ್ದಕ್ಕೆ ನಾನು ಅಷ್ಟು ಸಂತೋಷಪಟ್ಟೆ ಎಂದರೆ ಈಗ ನಗು ಬರುತ್ತದೆ, ಆಗ ಬರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಆಯಿ ಮತ್ತು ಮಾಮಾ ಸಿಂದಗಿಯಿಂದ ಬಂದರು. ಆಯಿ ಸಕ್ಕರೆ, ಎಲೆಅಡಿಕೆಯ ಗಂಟು ಹಿಡಿದು ಒಳಗೆ ನಡೆದಳು. ಮಾಮಾನನ್ನು ಕಟ್ಟೆಯವರು ತಡೆದು, ಗುರು ಉಳಿದ, ನೀ ಸೋತೆ ಎಂದು ಹೇಳಿದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವನು ಪತ್ರಿಕೆ ತೆಗೆದುಕೊಂಡು ನೋಡಿದ, ಏನೋ ಹೇಳಲು ಬಾಯಿ ತೆರೆದ, ಆಮೇಲೆ ಸುಮ್ಮನೆ ಮಡಚಿ ಸಿಂಪಿಗನ ಮಷಿನ್ ಮೇಲೆ ಇಟ್ಟ. ಸೋತವರ ಮುಖ ಹಾಗೇ ಇರುತ್ತದೆ ಎಂದುಕೊಂಡೆ.

ಕೈಕಾಲು ತೊಳೆಯಲು ಹಿತ್ತಲಿಗೆ ಬಂದವನಿಗೆ ನೀರಿನ ತಂಬಿಗೆ ಕೊಟ್ಟವಳು ನಾನೇ. ಅಲ್ಲಿ ಬೇರೆ ಯಾರೂ ಇರಲಿಲ್ಲ, ನಡುವೆ ಬಾಗಿಲೂ ಇರಲಿಲ್ಲ.

“ಆದದ್ದು ಆತು ಅಂತಿದ್ದಿ, ಮಾಮಾ. ಈಗೇನಂತಿ?”

“ಏನನ್ನಲಿ? ಗೆದ್ದಿ ನೀ.”

ಆ ಮಾತು ನನಗೆ ಎಲ್ಲಿಂದ ಧೈರ್ಯ ತಂದಿತೋ. ಬೇಸಿಗೆಯಿಡೀ ಗಂಟಲಲ್ಲಿ ಇಟ್ಟುಕೊಂಡು ತಿರುಗಿದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ.

“ಹಂಗಾದ್ರ ತೊಟ್ಟಿಲಾಗಿನ ಮಾತೂ ಬದಲ ಮಾಡಬಹುದು. ನನಗ ಕಾಲೇಜಿಗೆ ಹೋಗೂದೈತಿ. ಲಗ್ನ ಬ್ಯಾಡ ನನಗ.”

ಅವನು ಕಾಲಿನ ಮೇಲೆ ನೀರು ಹಾಕಿಕೊಳ್ಳುವುದನ್ನು ನಿಲ್ಲಿಸಿದ. ತಂಬಿಗೆಯೊಳಗೆ ನೋಡುತ್ತ ಕೇಳಿದ.

“ಲಗ್ನ ಬ್ಯಾಡೋ, ನಾ ಬ್ಯಾಡೋ?”

ಈ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡಿರಲಿಲ್ಲ. ಲಗ್ನ ಎಂದೆ. ಅವನು ತಲೆ ಆಡಿಸಿ, ಉಳಿದ ನೀರನ್ನು ಪಾದದ ಮೇಲೆ ಸುರಿದುಕೊಂಡು, ತಂಬಿಗೆ ನನ್ನ ಕೈಗೆ ಕೊಟ್ಟು ಒಳಗೆ ಹೋದ. ನಾನು ಅಲ್ಲೇ ನಿಂತು ಖಾಲಿ ತಂಬಿಗೆಯನ್ನು ಮತ್ತೆ ಮತ್ತೆ ತಿಕ್ಕಿದೆ.

ಸಂಜೆ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ಓಣಿಯ ಹಿರಿಯರು ಬಂದು ಕೂತರು. ನಾನು ಅಡುಗೆಮನೆಯ ಹೊಸ್ತಿಲ ಬಳಿ ಅವ್ವನ ಹಿಂದೆ ನಿಂತಿದ್ದೆ, ಕಾಲು ನಿಲ್ಲುತ್ತಿರಲಿಲ್ಲ. ಆಯಿ ಸಕ್ಕರೆಯ ತಟ್ಟೆಯ ಮೇಲಿನ ಅರಿವೆ ಸರಿಸುವಾಗ ಮಾಮಾ ತಡೆದ. ಸಕ್ಕರೆ ಹಂಚಬೇಡ, ಈ ಲಗ್ನ ತನಗೆ ಬೇಡ ಎಂದ. ನನ್ನ ಹೆಸರು ಎತ್ತಲಿಲ್ಲ, ಹಿತ್ತಲಿನ ಮಾತು ಎತ್ತಲಿಲ್ಲ.

ಆಯಿ ಸಿಟ್ಟಾಗಲಿಲ್ಲ, ಮಗ ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡಿರಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ನಾನು ತೊಟ್ಟಿಲ ಮುಂದೆ ಆಡಿದ ಮಾತು ಎಂದಳು.

“ಮಾತು ನೀ ಆಡಿದಿ, ಅಕ್ಕ ಹೂಂ ಅಂದ್ಲು,” ಎಂದ ಮಾಮಾ. “ನನ್ನ ಯಾರ ಕೇಳಿದ್ರಿ ಯವ್ವಾ? ಕೊಬ್ಬರಿ ಬಟ್ಟಲಾ ಕೈಯಾಗ ಕೊಟ್ರಿ, ಇಟ್ಟೆ. ಆಕಿನ್ನೂ ಯಾರೂ ಕೇಳಿಲ್ಲ. ಇವತ್ತ ನಾ ಹೇಳಾಕತ್ತೇನಿ. ಆಕಿ ಲಗ್ನದಾಗ ನಾ ಮುಂದ ಕೂಡೂದಿಲ್ಲ. ಹಿಂದ ನಿಂದರ್ತೇನಿ.”

ಇದರ ಅರ್ಥ ಅಲ್ಲಿದ್ದವರಿಗೆಲ್ಲ ಆಯಿತು. ನಮ್ಮಲ್ಲಿ ಅಕ್ಕಿಕಾಳು ಬೀಳುವಾಗ ಹುಡುಗಿಯ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು. ಸೋದರಮಾವನೇ ಗಂಡನಾಗುವ ಮದುವೆಯಲ್ಲಿ ಅವನು ಮುಂದೆ ಕೂಡುತ್ತಾನೆ, ಹಿಂದೆ ಬೇರೆ ಯಾರೋ ನಿಲ್ಲುತ್ತಾರೆ. ಒಬ್ಬನೇ ಮನುಷ್ಯ, ಎರಡು ಜಾಗ, ಎರಡರಲ್ಲೂ ಇರಲಾಗುವುದಿಲ್ಲ. ಹಿರಿಯರ ಮುಂದೆ ಹಿಂದಿನ ಜಾಗ ಕೇಳಿದವನಿಗೆ ಮುಂದಿನದು ಮತ್ತೆ ಸಿಕ್ಕುವುದಿಲ್ಲ. ಆಯಿ ತಟ್ಟೆಯ ಮೇಲೆ ಅರಿವೆ ಮುಚ್ಚಿದಳು. ಅವ್ವ ಒಲೆಯ ಮುಂದೆ ಹೋಗಿ ಕೂತು ಅತ್ತಳು. ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಆ ಹೊತ್ತು ಸಂತೋಷ ಬಿಟ್ಟು ನನಗೆ ಬೇರೇನೂ ಆಗಲಿಲ್ಲ.

ಮರುದಿನ ಅವರು ಸಿಂದಗಿಗೆ ಹೋದರು. ಆಯಿ ಬಸ್ಸು ಹತ್ತುವವರೆಗೂ ಅವ್ವನ ಜೊತೆ ಮಾತಾಡಲಿಲ್ಲ, ತಪ್ಪೆಲ್ಲ ಅವ್ವನದು ಎಂಬಂತೆ. ಅಪ್ಪ ಒಂದೆರಡು ದಿನ ಬಿಟ್ಟು, ಬಟ್ಟೆಯ ಥಾನು ಸುತ್ತುತ್ತ, ಹಂಗಾದರೆ ಬಾಗಿಲು ಕಾಲೇಜಿಗೆ ಹೋಗಲಿ ಎಂದ. ಸಿಂಪಿಗ ನನಗಾಗಿ ಎರಡು ಜಂಪರ್ ಹೊಲಿಯತೊಡಗಿದ.

ಮುಂದಿನ ವಾರ ಮಾಸ್ತರು ಬಿಜಾಪುರಕ್ಕೆ ಹೋದವರು ನಮಗೆ ತಪ್ಪಿದ್ದ ಸಂಚಿಕೆ ಹಿಡಿದುಕೊಂಡು ಬಂದರು. ಅದು ಅಚ್ಚಾಗಿತ್ತು. ಎಲ್ಲ ಊರಿಗೂ ಹೋಗಿತ್ತು, ನಮಗೊಂದು ಬಿಟ್ಟು. ಅದರಲ್ಲಿ ಕಂಬಳಿ ವೀರ ಗಾಲಿ ತಿರುಗಿಸುತ್ತಾನೆ, ಬೆಂಕಿಗೆ ನುಗ್ಗುತ್ತಾನೆ, ಸೋಲುತ್ತಾನೆ. ಗುರು ಸುಟ್ಟುಹೋಗುತ್ತಾನೆ, ಮೊದಲಿನಂತೆಯೇ. ಕೊನೆಯ ಚಿತ್ರದಲ್ಲಿ ವೀರ, ಉಳಿಸಲಾಗದಿದ್ದರೆ ಬೇಡ, ಬೆಂಕಿಯ ಹಿಂದಿನ ದಿನಕ್ಕೆ ಹೋಗಿ ಒಂದು ಸಂಜೆ ಜೊತೆಗೆ ಕೂತು ಬರುತ್ತೇನೆ ಎನ್ನುತ್ತಾನೆ. ಹಾಲು ಕುಡಿಯುತ್ತ ಕೂತಿದ್ದ ಮುದುಕ ಆ ಸಂಜೆಯವನು. ಏನೂ ಬದಲಾಗಿರಲಿಲ್ಲ.

ಸಿಂಪಿಗ ಓದಿ ಮುಗಿಸಿದ. ಸಿಂದಗಿಗೆ ಆ ವಾರ ಕಟ್ಟು ತಪ್ಪಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಮಾಮಾ ಅದನ್ನು ಓದಿಯೇ ಬಂದಿದ್ದ. ಕಟ್ಟೆಯ ಮೇಲೆ ಬಾಯಿ ತೆರೆದು ಮುಚ್ಚಿದ್ದು ಅದಕ್ಕೇ. ತಾನು ಗೆದ್ದಿರುವುದು ಗೊತ್ತಿದ್ದೂ ಹಿತ್ತಲಲ್ಲಿ ನಿಂತು, ಗೆದ್ದಿ ನೀ ಅಂದಿದ್ದ. ಆ ದಿನದಿಂದ ನನಗೆ ಶುರುವಾದ ಕಸಿವಿಸಿ ಹಿಂದಿನದಕ್ಕಿಂತ ಬೇರೆ ಜಾತಿಯದು. ಮೊದಲು ಎಲ್ಲಿಗೋ ಹೋಗಬೇಕಾಗಿತ್ತು. ಈಗ ಹೋಗುವುದು ಖಾತ್ರಿಯಾಗಿತ್ತು, ಆದರೂ ಕೂತಲ್ಲಿ ಕೂಡಲಾಗಲಿಲ್ಲ.

ಬಿಜಾಪುರದ ಹಾಸ್ಟೆಲ್ಲಿಗೆ ಅಪ್ಪನ ಜೊತೆ ನನ್ನ ಟ್ರಂಕು ಹೊತ್ತು ಬಂದವನು ಮಾಮಾ. ಅಪ್ಪ ಆಫೀಸಿಗೆ ಹೋದಾಗ ಬೇವಿನ ಮರದ ಕೆಳಗೆ ನಾವಿಬ್ಬರೇ ಉಳಿದೆವು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ಟ್ರಂಕಿನ ಮೇಲೆ ಕೂತು ಚಪ್ಪಲಿಯ ಮಣ್ಣು ಉದುರಿಸುತ್ತ ಹೇಳಿದ.

“ಇಷ್ಟ ದಿನಾ ಬಾಗಲ ಹಿಂದ ನಿಂತು ಮಾತಾಡಿದಿ. ಅವತ್ತ ಮುಂದ ಬಂದಿದ್ದಿ. ಸುಳ್ಳ ಐತಿ ಅಂತ ಹೇಳಿ ಮತ್ತ ಹಿಂದಕ್ಕ ಕಳಸಲಿ ಹ್ಯಾಂಗ?”

ನಾನು ಓದಿದೆ, ಮಾಸ್ತರಿಕೆ ಹಿಡಿದೆ. ಆ ದಶಕ ಮುಗಿಯುವ ಹೊತ್ತಿಗೆ, ಮುದ್ದೇಬಿಹಾಳದ ಕಡೆಯ ಒಬ್ಬರು ನನ್ನನ್ನು ನೋಡಲು ಬಂದಾಗ ನಾನು ಒಪ್ಪಿದೆ. ಈ ಸಲ ಕೇಳಿದ್ದರು, ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಅಷ್ಟರಲ್ಲಿ ಆಯಿ ಮಾಮಾನಿಗೆ ತೋರಿಸಿದ ಹುಡುಗಿಯರಿಗೆಲ್ಲ ಅವನು ಒಂದೊಂದು ಕುಂದು ಹೇಳಿ ತಪ್ಪಿಸಿಕೊಂಡಿದ್ದ. ಯಂಕಂಚಿಯ ಹೊಲದಲ್ಲಿ ಕೆಲಸ ಬಹಳ ಎನ್ನುತ್ತಿದ್ದ. ನನ್ನ ಲಗ್ನಕ್ಕೆ ಎಲ್ಲರಿಗಿಂತ ಮೊದಲು ಬಂದು ಹಂದರ ಹಾಕಿಸಿದ, ನೀರು ತುಂಬಿಸಿದ, ಅಡಿಗೆಯವರ ಜೊತೆ ಜಗಳಾಡಿದ. ಹೊಸ ರುಮಾಲು ಸುತ್ತಿಕೊಂಡು, ಹೇಳಿದಂತೆಯೇ ನನ್ನ ಬೆನ್ನ ಹಿಂದೆ ಬಂದು ನಿಂತ.

ಮದುಮಗಳು ಕತ್ತು ಹೊರಳಿಸುವಂತಿಲ್ಲ. ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಎಂಬುದಷ್ಟೇ ತಿಳಿಯುತ್ತದೆ. ಅಕ್ಕಿಕಾಳು ಬಿದ್ದವು, ವಾಲಗ ಜೋರಾಯಿತು, ನಾನು ನೆಲ ನೋಡುತ್ತ ಕೂತಿದ್ದೆ. ಇಡೀ ಹೊತ್ತು ನನ್ನ ಮನಸ್ಸು ಹಿಂದೆಯೇ ಇತ್ತು. ಎದ್ದು ತಿರುಗಿದಾಗ ಅವನು ಅಲ್ಲಿರಲಿಲ್ಲ, ಊಟದ ಪಂಕ್ತಿ ನೋಡಲು ಹೋಗಿದ್ದ.

ಮರುದಿನ ಗಂಡನ ಮನೆಗೆ ಹೊರಡುವ ಮೊದಲು, ತಲೆ ಬಾಚುತ್ತಿದ್ದ ಅವ್ವನನ್ನು ಕೇಳಿದೆ, ಅಕ್ಕಿಕಾಳು ಬೀಳುವಾಗ ಮಾಮಾನ ಮುಖ ಹೇಗಿತ್ತು ಎಂದು. ಅವ್ವನ ಕೈಯಲ್ಲಿ ಬಾಚಣಿಗೆ ನಿಂತಿತು.

“ನಾ ಆ ಕಡೆ ನೋಡಲಿಲ್ಲವ್ವ,” ಎಂದಳು. “ನನ್ನ ತಮ್ಮ ಅಂವ. ಹ್ಯಾಂಗ ನೋಡ್ಲಿ?”